ಕೈ ನೋಡಿಕೊಂಡದ್ದೇ ಬಂತು, ಲೂಸಿಡ್ ಕನಸು ಬರಲಿಲ್ಲ

ಪ್ರಶ್ನೆ: ಕನಸಿನಲ್ಲಿದ್ದಾಗಲೇ ಅದು ಕನಸೆಂದು ತಿಳಿಯಬೇಕೆಂಬ ಆಸೆಯಿಂದ ಒಂದು ತಿಂಗಳಿನಿಂದ ಹಗಲೆಲ್ಲ ಕೈ ನೋಡಿಕೊಂಡು ‘ಇದು ಕನಸೇ?’ ಎಂದು ಕೇಳಿಕೊಳ್ಳುತ್ತಿದ್ದೇನೆ. ಒಮ್ಮೆಯೂ ಫಲಿಸಿಲ್ಲ. ತಪ್ಪೆಲ್ಲಿ?

ಉತ್ತರ: ಬಹುಶಃ ಉತ್ತರವನ್ನು ಕೈಯಲ್ಲಿಟ್ಟುಕೊಂಡೇ ಪ್ರಶ್ನೆ ಕೇಳುತ್ತಿದ್ದೀರಿ. ಕೈಯತ್ತ ಕಣ್ಣಾಡಿಸಿ, ‘ಕನಸಲ್ಲ’ ಎಂದುಕೊಂಡು ಮುಂದಿನ ಕೆಲಸಕ್ಕೆ ಹೋಗುವುದು ರೂಢಿಯಾದರೆ ಕನಸಿನಲ್ಲೂ ಅದೇ ನಡೆಯುತ್ತದೆ. ಏಳು ಬೆರಳಿನ ಕೈ ಕಂಡರೂ ‘ಸರಿಯಾಗಿಯೇ ಇದೆ’ ಎನ್ನುತ್ತೀರಿ.

ದಿನಕ್ಕೆ ನಾಲ್ಕೈದು ಸಲ ಸಾಕು, ಅನುಮಾನ ಮಾತ್ರ ನಿಜವಾಗಿರಲಿ. ಮೂಗನ್ನು ಬಿಗಿಯಾಗಿ ಹಿಡಿದು, ಬಾಯಿ ಮುಚ್ಚಿ ಉಸಿರೆಳೆದು ನೋಡಿ. ಕನಸಿನಲ್ಲಾದರೆ ಸಾಮಾನ್ಯವಾಗಿ ಉಸಿರು ಸಲೀಸಾಗಿ ಆಡುತ್ತದೆ. ಹಿಡಿದಿರುವುದು ಕನಸಿನ ಮೂಗು ತಾನೇ! ಕೈ ನೋಡುವುದಕ್ಕಿಂತ ಇದರ ಮೇಲೆ ನನಗೆ ಹೆಚ್ಚು ನಂಬಿಕೆ.

ಇನ್ನು ಹೊತ್ತಿನ ವಿಚಾರ; ಹೆಚ್ಚಿನವರು ಎಡವುವುದು ಇಲ್ಲೇ. ಕಣ್ಣಿಗೆ ಕಟ್ಟುವಂಥ ಕನಸುಗಳು ಹೆಚ್ಚಾಗಿ ಬೀಳುವುದು ರೆಮ್ ನಿದ್ರೆಯಲ್ಲಿ, ಅಂದರೆ ಮುಚ್ಚಿದ ರೆಪ್ಪೆಯೊಳಗೆ ಕಣ್ಣುಗುಡ್ಡೆ ವೇಗವಾಗಿ ಹೊರಳಾಡುವ ನಿದ್ದೆಯ ಹಂತದಲ್ಲಿ. ಅದು ಸುಮಾರು 90 ನಿಮಿಷಕ್ಕೊಮ್ಮೆ ಮರಳಿ ಬರುತ್ತದೆ. ಮೊದಲ ಸರದಿ ಕೆಲವೇ ನಿಮಿಷಗಳದ್ದು, ಬೆಳಗಿನ ಜಾವದ್ದು ಅರ್ಧ ಗಂಟೆಯನ್ನೂ ದಾಟಬಹುದು. ಆದ್ದರಿಂದ ಐದು ಗಂಟೆ ನಿದ್ದೆಯಾದ ಮೇಲೆ ಏಳುವಂತೆ ಅಲಾರಾಂ ಇಡಿ. ಎದ್ದವರು ಮೊಬೈಲ್ ಮುಟ್ಟದೆ, ಆಗಷ್ಟೇ ಕಂಡ ಕನಸನ್ನು ಕಾಗದದ ಮೇಲೆ ಬರೆಯಿರಿ. ಅದರಲ್ಲಿ ಅಸಂಬದ್ಧವಾದದ್ದೊಂದು ಇದ್ದೇ ಇರುತ್ತದೆ. ತೀರಿಹೋದ ಅಜ್ಜ ಬಂದು ಬಾಗಿಲು ತೆರೆದರು ಎಂದಿಟ್ಟುಕೊಳ್ಳಿ. ಮತ್ತೆ ಮಲಗಿ, ಮನಸ್ಸಿನಲ್ಲೇ ಆ ಬಾಗಿಲಿಗೆ ಮರಳಿ. ಅಜ್ಜನ ಮುಖ ಕಂಡ ಕೂಡಲೇ ‘ಓ, ಇದು ಕನಸು’ ಎಂದು ಗುರುತಿಸಿದಂತೆ ಕಲ್ಪಿಸಿಕೊಳ್ಳುತ್ತ ನಿದ್ದೆಗೆ ಜಾರಿ. ಅಮೆರಿಕದ ಸಂಶೋಧಕ ಸ್ಟೀಫನ್ ಲಾಬರ್ಜ್ ರೂಪಿಸಿದ ವಿಧಾನದ ತಿರುಳು ಇದು.

ಇದೆಲ್ಲ ಬರೀ ಭ್ರಮೆ ಎನ್ನುವವರೂ ಸಿಗುತ್ತಾರೆ. ರೆಮ್ ನಿದ್ರೆಯಲ್ಲಿ ಮೈಯ ಸ್ನಾಯುಗಳು ಸ್ತಬ್ಧವಾದರೂ ಕಣ್ಣುಗುಡ್ಡೆ ಹೊರಳುತ್ತದೆ. 1975ರಲ್ಲಿ ಇಂಗ್ಲೆಂಡಿನ ಹಲ್ ನಗರದಲ್ಲಿ ಅಲನ್ ವರ್ಸ್ಲಿ ಎಂಬವರು ನಿದ್ದೆಯಲ್ಲಿದ್ದುಕೊಂಡೇ, ಮೊದಲೇ ಮಾತಾಡಿಕೊಂಡಂತೆ, ಕಣ್ಣನ್ನು ಎಡಬಲಕ್ಕೆ ಹೊರಳಿಸಿ ಸಂಶೋಧಕ ಕೀತ್ ಹರ್ನ್ ಅವರಿಗೆ ಸನ್ನೆ ಕಳುಹಿಸಿದರು. ಯಂತ್ರ ಅದನ್ನು ದಾಖಲಿಸಿಕೊಂಡಿತು.

ಅಲಾರಾಂ ಪ್ರಯೋಗ ವಾರಕ್ಕೆ ಎರಡು ರಾತ್ರಿ ಮೀರದಿರಲಿ, ನಿದ್ದೆಗೆಟ್ಟರೆ ಹಗಲು ಹಾಳು. ಮೊದಲ ಸಲ ಅರಿವು ಮೂಡಿದಾಗ ಖುಷಿಯ ಭರಕ್ಕೆ ಎಚ್ಚರವಾಗಿಬಿಡುವುದೇ ಹೆಚ್ಚು. ಹಾರಲು ಹೊರಡಬೇಡಿ. ನಿಂತಲ್ಲೇ ನಿಂತು, ಕನಸಿನ ಅಂಗೈಗಳನ್ನು ಒಂದಕ್ಕೊಂದು ಉಜ್ಜಿಕೊಳ್ಳಿ.