ಆಲೂಗಡ್ಡೆಗೆ ಎರಡು ಗೊಬ್ಬರ, ಲೆಕ್ಕ ಮಾತ್ರ ಒಂದೇ

ಆಲೂಗಡ್ಡೆ ಬೆಳೆಗಾರರು ಸಲಹೆ ಕೇಳಿ ಬಂದಾಗ ಹೊಲಕ್ಕೆ ಎಷ್ಟು ಕೊಟ್ಟಿಗೆ ಗೊಬ್ಬರ ಬಿದ್ದಿದೆ ಎಂದು ನಾನು ಮೊದಲು ಕೇಳುತ್ತೇನೆ. ಹಾಕಿದ ಪ್ರಮಾಣವನ್ನು ಬಹುತೇಕ ಎಲ್ಲರೂ ಹೇಳುತ್ತಾರೆ. ಅದರಿಂದ ಬರುವ ಪೋಷಕಾಂಶವನ್ನು ರಸಗೊಬ್ಬರದ ಪ್ರಮಾಣದಿಂದ ಕಳೆದವರು ಮಾತ್ರ ವಿರಳ.

ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರದಲ್ಲಿ ಸುಮಾರು ಶೇ 0.5ರಷ್ಟು ಸಾರಜನಕವಿದೆ ಎಂದಿಟ್ಟುಕೊಂಡರೆ, ಹೆಕ್ಟೇರಿಗೆ ಹಾಕಿದ 20 ಟನ್‌ಗಳಲ್ಲಿ 100 ಕಿಲೋ ಸಾರಜನಕ ಇರುತ್ತದೆ. ಆದರೆ ಅದರ ಬಹುಭಾಗ ಸಾವಯವ ರೂಪದಲ್ಲಿದ್ದು, ಮಣ್ಣಿನ ಸೂಕ್ಷ್ಮಜೀವಿಗಳು ಅದನ್ನು ಒಡೆದು ಕೊಟ್ಟ ಮೇಲಷ್ಟೇ ಬೇರಿಗೆ ದಕ್ಕುವುದರಿಂದ, ಮೊದಲ ಬೆಳೆಗೆ ಸಿಗುವುದು ಸರಿಸುಮಾರು ಕಾಲು ಭಾಗ ಮಾತ್ರ. ಆ ಹೊಲಕ್ಕೆ 120 ಕಿಲೋ ಸಾರಜನಕದ ಶಿಫಾರಸು ಇದ್ದರೆ, 25 ಕಿಲೋ ಕಳೆದು ಉಳಿದ 95 ಕಿಲೋಗಳನ್ನು ರಸಗೊಬ್ಬರದಿಂದ ತುಂಬಬೇಕು. ಶೇ 46ರಷ್ಟು ಸಾರಜನಕವಿರುವ ಯೂರಿಯಾದ ಲೆಕ್ಕದಲ್ಲಿ ಅದು ಸುಮಾರು 206 ಕಿಲೋ. ಪೊಟ್ಯಾಶ್‌ನ ವಿಷಯ ಬೇರೆ. ಅದು ಗೊಬ್ಬರದಲ್ಲಿ ನೀರಿನಲ್ಲಿ ಕರಗುವ ರೂಪದಲ್ಲೇ ಇರುವುದರಿಂದ ಬಹುಪಾಲು ಅದೇ ವರ್ಷ ಬೆಳೆಗೆ ಒದಗುತ್ತದೆ, ಹಾಗಾಗಿ ಕಳೆಯಬೇಕಾದ ಪ್ರಮಾಣವೂ ಹೆಚ್ಚು.

ಕೊಟ್ಟಿಗೆ ಗೊಬ್ಬರವೊಂದೇ ಸಾಲದೇ ಎಂದು ಕೇಳುವವರಿದ್ದಾರೆ. ಆಲೂಗಡ್ಡೆಯ ಬೇರುಗಳು ಆಳಕ್ಕೆ ಇಳಿಯುವುದಿಲ್ಲ, ಬೆಳೆಯ ಅವಧಿಯೂ ಚಿಕ್ಕದು. ತಂಪು ಮಣ್ಣಿನಲ್ಲಿ ಸೂಕ್ಷ್ಮಜೀವಿಗಳ ಕೆಲಸ ನಿಧಾನವಾಗಿ ಸಾಗುವುದರಿಂದ, ಗಿಡ ಎಲೆ ಕಟ್ಟಿಕೊಳ್ಳುವ ಮೊದಲ ವಾರಗಳಲ್ಲೇ ಸಾರಜನಕದ ಕೊರತೆ ಬೀಳುತ್ತದೆ. ಅರ್ಧಂಬರ್ಧ ಕಳಿತ, ಹುಲ್ಲು ಹೆಚ್ಚಿರುವ ಗೊಬ್ಬರವಾದರೆ ಸೂಕ್ಷ್ಮಜೀವಿಗಳು ತಮ್ಮ ಬೆಳವಣಿಗೆಗಾಗಿ ಮಣ್ಣಿನಲ್ಲಿದ್ದ ಸಾರಜನಕವನ್ನೇ ಹಿಡಿದಿಟ್ಟುಕೊಳ್ಳುತ್ತವೆ. ಗೊಬ್ಬರ ಹಾಕಿದ ಹೊಲದಲ್ಲೇ ಗಿಡ ಹಳದಿಯಾಗುವುದಕ್ಕೆ ಇದೂ ಒಂದು ಕಾರಣ. ಹಸಿ ಗೊಬ್ಬರದಿಂದ ಗೊಣ್ಣೆಹುಳುವಿನ ಕಾಟವೂ ಗಡ್ಡೆಯ ಸಿಪ್ಪೆಯ ಮೇಲಿನ ಕಜ್ಜಿ ರೋಗವೂ ಹೆಚ್ಚಬಹುದಾದ್ದರಿಂದ, ನಾಟಿಗೆ ಮುಂಚಿನ ದಿನಗಳಲ್ಲಿ ಅದನ್ನು ಹೊಲಕ್ಕೆ ಸುರಿಯುವುದನ್ನು ನಾನು ಖಂಡಿತ ಒಪ್ಪುವುದಿಲ್ಲ.

ಲೆಕ್ಕವಿಲ್ಲದೆ ಎರಡನ್ನೂ ಧಾರಾಳವಾಗಿ ಹಾಕಿದಾಗ ಆಗುವ ಹಾನಿ ಬೇಗ ಕಣ್ಣಿಗೆ ಬೀಳುವುದಿಲ್ಲ. ಗಿಡ ಸೊಂಪಾಗಿ ಬೆಳೆದು ಹೊಲ ಹಸಿರಾಗಿ ಕಾಣುತ್ತದೆ, ಆದರೆ ಗಡ್ಡೆ ಕಟ್ಟುವುದು ತಡವಾಗುತ್ತದೆ, ಒತ್ತಾದ ಎಲೆಗಳ ನಡುವೆ ತೇವ ನಿಂತು ಅಂಗಮಾರಿ ರೋಗಕ್ಕೆ ದಾರಿಯಾಗುತ್ತದೆ, ಕಿತ್ತ ಗಡ್ಡೆಯಲ್ಲಿ ಒಣ ಪದಾರ್ಥದ ಅಂಶ ಕಡಿಮೆಯಿದ್ದು ಸಿಪ್ಪೆ ಬಲಿಯದೆ ದಾಸ್ತಾನಿನಲ್ಲಿ ಬೇಗ ಕೆಡುತ್ತದೆ.

ಆದ್ದರಿಂದ ಕಳಿತ ಗೊಬ್ಬರವನ್ನು ಭೂಮಿ ಸಿದ್ಧಪಡಿಸುವಾಗಲೇ ಮಣ್ಣಿನಲ್ಲಿ ಬೆರೆಸಿ, ರಂಜಕ ಮತ್ತು ಪೊಟ್ಯಾಶ್‌ ಜೊತೆಗೆ ಅರ್ಧದಷ್ಟು ಸಾರಜನಕವನ್ನು ನಾಟಿಯ ಸಮಯದಲ್ಲಿ ಬಿತ್ತನೆ ಗಡ್ಡೆಗೆ ತಾಗದಂತೆ ಸುಮಾರು 5 ಸೆಂಟಿಮೀಟರ್ ಪಕ್ಕಕ್ಕೆ ಕೊಡಬೇಕು. ಉಳಿದ ಸಾರಜನಕವನ್ನು ನಾಟಿಯಾದ ಸುಮಾರು 30 ದಿನಗಳಿಗೆ, ಬುಡಕ್ಕೆ ಮಣ್ಣು ಏರಿಸುವಾಗ ಕೊಟ್ಟು ಕೂಡಲೇ ಮುಚ್ಚಬೇಕು. ಮೇಲೆಯೇ ಬಿಟ್ಟ ಯೂರಿಯಾದ ಒಂದಷ್ಟು ಪಾಲು ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ. ಚಿಪ್ಸ್‌ಗೆಂದು ಬೆಳೆಯುವವರು ಪೊಟ್ಯಾಶ್‌ ಅನ್ನು ಸಲ್ಫೇಟ್ ರೂಪದಲ್ಲಿ ಕೊಡುವುದು ಮೇಲು, ಏಕೆಂದರೆ ಪೊಟ್ಯಾಶ್‌ನ ಇನ್ನೊಂದು ರೂಪವಾದ ಮ್ಯೂರಿಯೇಟ್‌ನಲ್ಲಿರುವ ಕ್ಲೋರೈಡ್ ಗಡ್ಡೆಯ ಪಿಷ್ಟದ ಅಂಶವನ್ನು ತಗ್ಗಿಸುತ್ತದೆ. ಕೋಳಿ ಗೊಬ್ಬರ ಬಳಸುವವರಿಗೆ ಮೇಲಿನ ಕಾಲು ಭಾಗದ ಲೆಕ್ಕ ಹೊಂದುವುದಿಲ್ಲ. ಅದರಲ್ಲಿ ಸಾರಜನಕ ಹೆಚ್ಚು, ಬಿಡುಗಡೆಯೂ ಬೇಗ, ಹಾಗಾಗಿ ಮಣ್ಣು ಏರಿಸುವಾಗಿನ ಯೂರಿಯಾವನ್ನು ಇನ್ನಷ್ಟು ಇಳಿಸಬೇಕಾಗುತ್ತದೆ.