ಸ್ಟಾರ್: ಬಾಡಿಗೆ ಕಟ್ಟುತ್ತಲೇ ಮಾಡಿದ ಹೋರಾಟ

‘ಸ್ಟಾರ್’ ಅಂದರೆ ಸ್ಟ್ರೀಟ್ ಟ್ರಾನ್ಸ್‌ವೆಸ್ಟೈಟ್ ಆಕ್ಷನ್ ರೆವಲ್ಯೂಷನರೀಸ್. 1970ರಲ್ಲಿ ನ್ಯೂಯಾರ್ಕಿನಲ್ಲಿ ಮಾರ್ಷಾ ಪಿ. ಜಾನ್ಸನ್ ಮತ್ತು ಸಿಲ್ವಿಯಾ ರಿವೇರಾ ಸೇರಿ ಕಟ್ಟಿದ ಪುಟ್ಟ ಸಂಘಟನೆ. ಹೆಸರಿನಲ್ಲಿರುವ ‘ಟ್ರಾನ್ಸ್‌ವೆಸ್ಟೈಟ್’ ಅನ್ನೋದು ಇನ್ನೊಂದು ಲಿಂಗದ ಉಡುಗೆ ತೊಡುವವರಿಗೆ ಆ ಕಾಲದಲ್ಲಿದ್ದ ಮಾತು. ಈಗ ಹಾಗೆ ಕರೆದರೆ ಬಹಳ ಜನರಿಗೆ ಬೇಸರವಾಗುತ್ತದೆ. 2001ರಲ್ಲಿ ಸಿಲ್ವಿಯಾ ಸಂಘಟನೆಗೆ ಮತ್ತೆ ಜೀವ ಕೊಟ್ಟಾಗ ಆ ಜಾಗಕ್ಕೆ ‘ಟ್ರಾನ್ಸ್‌ಜೆಂಡರ್’ ಬಂತು. ಮಾರ್ಷಾ ಅವರನ್ನು ಇಂದು ನಾವು ಟ್ರಾನ್ಸ್ ಮಹಿಳೆ ಅನ್ನುತ್ತೇವೆ. ಅವರು ಮಾತ್ರ ತಮ್ಮನ್ನು ಟ್ರಾನ್ಸ್‌ವೆಸ್ಟೈಟ್, ಕ್ವೀನ್, ಗೇ ಅಂತ ಹೇಳಿಕೊಳ್ಳುತ್ತಿದ್ದರು.

ಮಾರ್ಷಾ ಹುಟ್ಟಿದ್ದು 1945ರಲ್ಲಿ, ನ್ಯೂಜೆರ್ಸಿಯ ಎಲಿಜಬೆತ್ ಊರಿನ ಕಪ್ಪು ಕುಟುಂಬದಲ್ಲಿ. ಹೈಸ್ಕೂಲು ಮುಗಿಸಿ ನ್ಯೂಯಾರ್ಕಿಗೆ ಬಂದರು. ಗ್ರೀನಿಚ್ ವಿಲೇಜಿನ ಬೀದಿಗಳಲ್ಲಿ ತಲೆತುಂಬ ಹೂ ಮುಡಿದು ಓಡಾಡುವ ಮಾರ್ಷಾ ಎಲ್ಲರಿಗೂ ಪರಿಚಿತರು. ಹೆಸರಿನ ‘ಪಿ’ ಏನು ಅಂತ ಕೇಳಿದರೆ ‘ಪೇ ಇಟ್ ನೋ ಮೈಂಡ್’ ಅನ್ನುತ್ತಿದ್ದರು. ‘ಅದನ್ನೆಲ್ಲ ತಲೆಗೆ ಹಚ್ಕೋಬೇಡಿ’ ಅಂತ!

1969ರ ಜೂನ್ 28ರ ನಸುಕಿನಲ್ಲಿ ಗೇ ಜನ ಸೇರುತ್ತಿದ್ದ ಸ್ಟೋನ್‌ವಾಲ್ ಇನ್ ಎಂಬ ಬಾರಿಗೆ ಪೊಲೀಸರು ನುಗ್ಗಿದರು. ಅಲ್ಲಿದ್ದವರು ತಿರುಗಿಬಿದ್ದರು. ಮೊದಲ ಇಟ್ಟಿಗೆ ಎಸೆದವರು ಮಾರ್ಷಾ ಅನ್ನುವ ಕಥೆ ಇಂದಿಗೂ ಓಡಾಡುತ್ತಿದೆ. ಆದರೆ ತಾವು ಬರುವಷ್ಟರಲ್ಲಿ ಗಲಾಟೆ ಶುರುವಾಗಿತ್ತು ಅಂತ ಮಾರ್ಷಾ ಅವರೇ ಹೇಳಿದ್ದಾರೆ. ನನ್ನ ಮಟ್ಟಿಗೆ ಬೀದಿಗೆ ಬಿದ್ದವರಿಗಾಗಿ ಸಂಘಟನೆ ನಡೆಸಿದ ‘ಸ್ಟಾರ್ ಮನೆ’ ಆ ಕಥೆಗಿಂತ ದೊಡ್ಡದು.

ಗೇ, ಟ್ರಾನ್ಸ್ ಅನ್ನೋ ಕಾರಣಕ್ಕೆ ಹೆತ್ತವರು ಹೊರಗೆ ಹಾಕಿದ ಹದಿಹರೆಯದವರು ಆಗ ಬೀದಿಯಲ್ಲಿ ಮೈ ಮಾರಿಕೊಂಡು ಬದುಕುತ್ತಿದ್ದರು. ಅವರಿಗೆ ಮೊದಲು ಬೇಕಿದ್ದದ್ದು ಮಲಗಲು ಜಾಗ, ಹೊಟ್ಟೆಗೆ ಊಟ. ಸ್ಟಾರ್‌ನ ಮೊದಲ ‘ಮನೆ’ ಒಂದು ಲಾರಿಯ ಟ್ರೇಲರ್. ಯಾರೋ ಬಿಟ್ಟುಹೋಗಿದ್ದಾರೆ ಅಂದುಕೊಂಡಿದ್ದರು. ಒಂದು ದಿನ ಮಕ್ಕಳು ಒಳಗೆ ಮಲಗಿರುವಾಗಲೇ ಡ್ರೈವರ್ ಬಂದು ಗಾಡಿ ಹೊರಡಿಸಿದ. ಎದ್ದವರು ಎದ್ದ ಹಾಗೇ ಧುಮುಕಿದರು ಅಂತ ಸಿಲ್ವಿಯಾ ನೆನಪಿಸಿಕೊಳ್ಳುತ್ತಿದ್ದರು. ಆಮೇಲೆ ಈಸ್ಟ್ ಸೆಕೆಂಡ್ ಸ್ಟ್ರೀಟಿನ 213ನೇ ನಂಬರಿನ ಪಾಳು ಕಟ್ಟಡ ಸಿಕ್ಕಿತು, ಮಾಫಿಯಾ ನಂಟಿನವನೊಬ್ಬನ ಮೂಲಕ. ತಾವೇ ರಿಪೇರಿ ಮಾಡಿಕೊಂಡರು. ಬಾಡಿಗೆಗೆ ದುಡ್ಡೆಲ್ಲಿಂದ? ಸಿಲ್ವಿಯಾ ಮತ್ತು ಮಾರ್ಷಾ ತಾವೇ ಗಿರಾಕಿಗಳ ಬಳಿ ಹೋಗುತ್ತಿದ್ದರು, ಚಿಕ್ಕವರು ಹೋಗುವುದು ಬೇಡ ಅಂತ. ದಾನಿಗಳಿಲ್ಲ, ಸರ್ಕಾರದ ಅನುದಾನವಂತೂ ಇಲ್ಲವೇ ಇಲ್ಲ. 1971ರಲ್ಲಿ ಅಲ್ಲಿಂದಲೂ ಎತ್ತಂಗಡಿಯಾಯಿತು.

ಪೊಲೀಸರ ಕಾಟ ಗೊತ್ತಿದ್ದದ್ದೇ. ಸ್ವಂತದ್ದೇ ಆದ ಗೇ ಚಳವಳಿ ದೂರ ಮಾಡಿದ್ದು ಇನ್ನೂ ಜಾಸ್ತಿ ನೋಯಿಸಿತು, ಅಲ್ವಾ? 1973ರಲ್ಲಿ ಗೇ ಹಕ್ಕುಗಳಿಗಾಗಿ ನಡೆದ ಪ್ರೈಡ್ ಮೆರವಣಿಗೆಯಲ್ಲಿ ಹೆಣ್ಣಿನ ಉಡುಗೆಯ ಡ್ರ್ಯಾಗ್ ಕ್ವೀನ್‌ಗಳಿದ್ದರೆ ಮರ್ಯಾದೆ ಹೋಗುತ್ತದೆ ಅನ್ನುವವರಿದ್ದರು. ಜೈಲಿನಲ್ಲಿರುವ ತಮ್ಮವರ ಪರವಾಗಿ ಮಾತಾಡಲು ಸಿಲ್ವಿಯಾ ವೇದಿಕೆ ಹತ್ತಿದಾಗ ಗುಂಪು ಕೂಗಾಡಿ ಅವಮಾನಿಸಿತು. ಸ್ಟಾರ್ ಕರಗುತ್ತಾ ಹೋಯಿತು.

ಮಾರ್ಷಾ ಬೀದಿ ಬಿಡಲಿಲ್ಲ. ಏಡ್ಸ್ ಹಬ್ಬಿದಾಗ ರೋಗಿಗಳ ಪರ ಹೋರಾಡುತ್ತಿದ್ದ ‘ಆಕ್ಟ್ ಅಪ್’ ಚಳವಳಿ ಸೇರಿದರು. 1992ರ ಜುಲೈನಲ್ಲಿ ಅವರ ಶವ ಹಡ್ಸನ್ ನದಿಯಲ್ಲಿ ಸಿಕ್ಕಿತು. ಪೊಲೀಸರು ಬೇಗನೆ ಆತ್ಮಹತ್ಯೆ ಅಂದುಬಿಟ್ಟರು. ಗೆಳೆಯರು ಒಪ್ಪಲಿಲ್ಲ, ಮತ್ತೆ ತನಿಖೆ ಮಾಡಿ ಅಂತ ಕೇಳುತ್ತಲೇ ಇದ್ದರು. ಕಡತ ಮತ್ತೆ ತೆರೆದದ್ದು 2012ರಲ್ಲಿ.