‘ನನ್ನ ಜನರಲ್ಲ’ ಎಂದು ಹೆಸರಿಟ್ಟ ಮೇಲೂ

ಒಬ್ಬ ತಂದೆ ತನ್ನ ಮಗನಿಗೆ ‘ಲೋ ಅಮ್ಮಿ’ ಎಂದು ಹೆಸರಿಟ್ಟ. ಹೀಬ್ರೂ ಭಾಷೆಯಲ್ಲಿ ಇದಕ್ಕೆ ‘ನನ್ನ ಜನರಲ್ಲ’ ಎಂದರ್ಥ. ಇವನ ಅಕ್ಕನ ಹೆಸರು ‘ಲೋ ರುಹಾಮ’, ಅಂದರೆ ಕರುಣೆ ಸಿಗದವಳು. ಸಂಜೆ ಹೊತ್ತು ಆ ಮಕ್ಕಳನ್ನು ಊಟಕ್ಕೆ ಕೂಗುವಾಗ ನೆರೆಹೊರೆಯವರ ಎದೆ ಧಸಕ್ಕೆಂದಿರಬೇಕು. ಆ ತಂದೆ ಪ್ರವಾದಿ ಹೋಶೇಯ. ಅವನು ಕ್ರಿಸ್ತಪೂರ್ವ 8ನೇ ಶತಮಾನದಲ್ಲಿ ಇಸ್ರಾಯೇಲಿನ ಉತ್ತರ ರಾಜ್ಯದಲ್ಲಿದ್ದವನು. ದೇವರು ತನ್ನ ಜನರನ್ನು ಶಿಕ್ಷಿಸಿದರೆ ಅವರ ಕೈ ಬಿಟ್ಟ ಹಾಗೆಯೇ? ಈ ಪ್ರಶ್ನೆಯನ್ನು ಅವನಷ್ಟು ಹತ್ತಿರದಿಂದ ಕಂಡವರು ಕಡಿಮೆ.

ಪ್ರಶ್ನೆ ಅವನಿಗಿಂತ ಹಳೆಯದು. ಈಜಿಪ್ಟಿನ ಗುಲಾಮಗಿರಿಯಿಂದ ಬಿಡಿಸಿ ತಂದ ಜನರೊಂದಿಗೆ ದೇವರು ಸೀನಾಯಿ ಬೆಟ್ಟದಲ್ಲಿ ಒಡಂಬಡಿಕೆ ಮಾಡಿಕೊಂಡ. ಅವರ ನಾಯಕ ಮೋಶೆ ಬೆಟ್ಟದಿಂದ ಇಳಿಯುವ ಮೊದಲೇ ಅವರು ಬಂಗಾರದ ಕರು ಮಾಡಿ ಅಡ್ಡಬಿದ್ದರು. ದೇವರ ಆಜ್ಞೆ ಕೆತ್ತಿದ್ದ ಕಲ್ಲುಗಳು ಒಡೆದವು, ಶಿಕ್ಷೆಯೂ ಆಯಿತು. ಆದರೆ ಮತ್ತೆ ಎರಡು ಕಲ್ಲು ಕೆತ್ತಲು ಹೇಳಿದವನೂ ದೇವರೇ. ಅಲ್ಲಿ ಅವನು ತನ್ನ ಬಗ್ಗೆ ಹೇಳಿಕೊಳ್ಳುವ ಮಾತಿನಲ್ಲಿ ಎರಡೂ ಇವೆ: ಬೇಗ ಸಿಟ್ಟಾಗದ ಅಪಾರ ಪ್ರೀತಿ ಒಂದು, ತಪ್ಪನ್ನು ಸುಮ್ನೆ ಬಿಡದಿರುವುದು ಇನ್ನೊಂದು. ಆ ಪ್ರೀತಿಗೆ ಹೀಬ್ರೂ ಪದ ‘ಹೆಸೆದ್’, ಕೊಟ್ಟ ಮಾತಿಗೆ ತಪ್ಪದ ಪ್ರೀತಿ.

ಹೋಶೇಯನ ಕಾಲದಲ್ಲಿ ಮೊದಲು ಎರಡನೇ ಯಾರೊಬ್ಬಾಮನ ಆಳ್ವಿಕೆ. ದುಡ್ಡು ಓಡಾಡುತ್ತಿತ್ತು, ತಕ್ಕಡಿಯಲ್ಲಿ ಮೋಸವೂ ನಡೆಯುತ್ತಿತ್ತು. ಮಳೆ ಬೆಳೆಗಾಗಿ ಜನ ಬಾಳ್ ದೇವತೆಯ ಮೊರೆ ಹೋಗಿದ್ದರು. ಬಾಳ್ ಎಂಬ ಪದಕ್ಕೆ ಒಡೆಯ, ಗಂಡ ಎಂಬ ಅರ್ಥಗಳೂ ಇವೆ. ಹೋಶೇಯ ತನಗೆ ದ್ರೋಹ ಮಾಡಿದ ಹೆಂಡತಿ ಗೋಮೆರಳ ಕಥೆಯ ಮೂಲಕ ಮಾತಾಡಿದ್ದು ಅದಕ್ಕೇ ಅಷ್ಟು ನಾಟುತ್ತದೆ. ಆ ಕಥೆಯಲ್ಲಿ ಗಂಡ ಎಂದರೆ ದೇವರು, ಹೆಂಡತಿ ಎಂದರೆ ಇಸ್ರಾಯೇಲ್. ಧಾನ್ಯ, ಎಣ್ಣೆ ಕೊಟ್ಟವನು ನಾನೇ ಎಂಬುದು ಅವಳಿಗೆ ತಿಳಿಯಲಿಲ್ಲ ಎಂದು ದೇವರು ಹೇಳುತ್ತಾನೆ. ಅವಳ ದಾರಿಗೆ ಮುಳ್ಳುಬೇಲಿ ಹಾಕುತ್ತಾನೆ, ಕೊಟ್ಟದ್ದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಾನೆ. ಆಮೇಲೆ ಅವಳನ್ನು ಮರುಭೂಮಿಗೆ ಕರೆದೊಯ್ದು ಹೃದಯಕ್ಕೆ ತಟ್ಟುವಂತೆ ಮಾತಾಡುತ್ತಾನೆ. ಮರುಭೂಮಿ ಎಂದರೆ ಸಂಬಂಧ ಮೊದಲು ಕೂಡಿದ ಜಾಗ ಅಲ್ವಾ? ಶಿಕ್ಷೆ ಅವರನ್ನು ಅಲ್ಲಿಗೇ ಮುಟ್ಟಿಸುತ್ತದೆ.

ಬೈಬಲಿನಲ್ಲಿ ಅವನ ಹೆಸರಿನ ಪುಸ್ತಕದ ಮೂರನೇ ಅಧ್ಯಾಯದಲ್ಲಿ ಹೋಶೇಯ ದಾರಿ ತಪ್ಪಿದ ಹೆಂಗಸೊಬ್ಬಳನ್ನು 15 ಶೆಕೆಲ್ ತೂಕದ ಬೆಳ್ಳಿ, ಒಂದಿಷ್ಟು ಜವೆಗೋದಿ ಕೊಟ್ಟು ಬಿಡಿಸಿ ತರುತ್ತಾನೆ. ಅವಳು ಗೋಮೆರಳೇ ಎಂದು ಹೆಚ್ಚಿನವರು ಓದುತ್ತಾರೆ. ಮೋಸ ಹೋದವನೇ ಬೆಲೆ ತೆರಬೇಕಾಯಿತು.

ಈ ಹೋಲಿಕೆಯಲ್ಲಿ ಒಂದು ಕಷ್ಟವಿದೆ. ಗಂಡನೇ ಹೆಂಡತಿಯನ್ನು ಬೆತ್ತಲೆ ಮಾಡುವ ಬೆದರಿಕೆಯೂ ಅಲ್ಲಿದೆ. ಮಹಿಳಾ ವಿದ್ವಾಂಸರು ಇದನ್ನು ಬಲವಾಗಿ ಪ್ರಶ್ನಿಸಿದ್ದಾರೆ, ಅದು ಸರಿ ಎಂದೇ ನನಗನ್ನಿಸುತ್ತದೆ. ಮನೆಯಲ್ಲಿ ಹೊಡೆಯುವವನಿಗೆ ಈ ಪುಟ ಆಸರೆಯಾಗಬಾರದು.

ಪುಸ್ತಕದ ಜೀವ ಇರುವುದು 11ನೇ ಅಧ್ಯಾಯದಲ್ಲಿ. ಅಲ್ಲಿ ದೇವರು ಕೈ ಹಿಡಿದು ನಡೆಯಲು ಕಲಿಸಿದ ಹೆತ್ತವರ ಹಾಗೆ. ಮಗನಾದ ಇಸ್ರಾಯೇಲ್ ತಿರುಗಿಬಿದ್ದಿದ್ದಾನೆ. ಹೇಳಿದ ಮಾತು ಕೇಳದ ಮಗನನ್ನು ಊರವರು ಕಲ್ಲೆಸೆದು ಕೊಲ್ಲಬೇಕು ಎಂದು ಬೈಬಲಿನ ಧರ್ಮೋಪದೇಶಕಾಂಡದ 21ನೇ ಅಧ್ಯಾಯ ಹೇಳುತ್ತದೆ. ಇಲ್ಲಿ ಮಾತ್ರ ಹೆತ್ತ ಕರುಳು ಮಿಡಿಯುತ್ತದೆ: ನಿನ್ನನ್ನು ಹೇಗೆ ಬಿಟ್ಟುಕೊಡಲಿ? ಅದಕ್ಕೆ ಕೊಡುವ ಕಾರಣವೂ ವಿಶೇಷ. ‘ನಾನು ಮನುಷ್ಯನಲ್ಲ, ದೇವರು.’ ದೇವರಾಗಿರುವುದರಿಂದಲೇ ಸಿಟ್ಟು ತೀರಿಸಿಕೊಳ್ಳುವುದಿಲ್ಲ ಎನ್ನುತ್ತಾನೆ.

ಹಾಗೆಂದು ಪೆಟ್ಟು ತಪ್ಪಲಿಲ್ಲ. ಯಾರೊಬ್ಬಾಮನ ನಂತರ ನಾಲ್ವರು ರಾಜರು ಕೊಲೆಯಾದರು. ಕ್ರಿಸ್ತಪೂರ್ವ 722ರ ಸುಮಾರಿಗೆ ರಾಜಧಾನಿ ಸಮಾರ್ಯ ಅಶ್ಶೂರರ ವಶವಾಯಿತು. ಅಲ್ಲಿಂದ 27,290 ಜನರನ್ನು ಒಯ್ದೆ ಎಂದು ರಾಜ ಸರ್ಗೋನನ ಶಾಸನ ಹೇಳುತ್ತದೆ. 586ರ ಹೊತ್ತಿಗೆ ದಕ್ಷಿಣ ರಾಜ್ಯದ ರಾಜಧಾನಿ ಯೆರೂಸಲೇಮೂ ಬಾಬಿಲೋನಿಯರ ಕೈಗೆ ಬಿದ್ದು ಸುಟ್ಟುಹೋಯಿತು. ಆ ನಾಶಕ್ಕೆ ಅಳುವ ಪ್ರಲಾಪಗಳ ನಡುವೆಯೇ, ದೇವರ ಕರುಣೆ ದಿನ ಬೆಳಗಾದರೆ ಹೊಸದು ಎಂಬ ಸಾಲು ಬರುತ್ತದೆ.

ಕ್ರೈಸ್ತರಲ್ಲಿ ಈ ಪ್ರಶ್ನೆ ಬೇರೆ ತಿರುವು ಪಡೆಯಿತು. ಶಿಕ್ಷಿಸುವ ದೇವರೇ ಬೇರೆ, ಯೇಸುವಿನ ತಂದೆಯೇ ಬೇರೆ ಎಂದು 2ನೇ ಶತಮಾನದಲ್ಲಿ ಮಾರ್ಸಿಯನ್ ಎಂಬ ಬೋಧಕ ಕಲಿಸಿದ. ರೋಮಿನ ಕ್ರೈಸ್ತ ಸಭೆ ಅವನನ್ನು ಹೊರಗಿಟ್ಟಿತು. ಹೋಶೇಯನಂಥವರ ಪುಸ್ತಕಗಳಿರುವ ಬೈಬಲಿನ ಮೊದಲ ಭಾಗ, ಹಳೆಯ ಒಡಂಬಡಿಕೆ, ಕ್ರೈಸ್ತರ ಕೈಯಲ್ಲಿ ಉಳಿಯಿತು.

ಉಳಿದದ್ದನ್ನು ಅವರು ಓದಿದ ರೀತಿ ಮಾತ್ರ ಬಹಳ ಸಲ ನೋವಿನದು. ಹೋಶೇಯನ ಪುಸ್ತಕದಲ್ಲಿ ಆ ಮಕ್ಕಳ ಹೆಸರಿನಿಂದ ‘ಲೋ’ ಬಿದ್ದುಹೋಗಿ ಅಮ್ಮಿ, ರುಹಾಮ ಎಂದಾಗುತ್ತದೆ: ನನ್ನ ಜನ, ಕರುಣೆ ಪಡೆದವಳು. ಯೇಸುವಿನ ಅಪೊಸ್ತಲ ಪೌಲ ರೋಮಿನವರಿಗೆ ಬರೆದ ಪತ್ರದಲ್ಲಿ ಈ ಮಾತನ್ನು ಯೆಹೂದ್ಯರಲ್ಲದವರಿಗೂ ಅನ್ವಯಿಸಿದ. ಅದೇ ಪತ್ರದ 11ನೇ ಅಧ್ಯಾಯದಲ್ಲಿ, ಇಸ್ರಾಯೇಲಿಗೆ ದೇವರು ಕೊಟ್ಟ ವರ, ಕರೆದ ಕರೆ ಹಿಂದಕ್ಕೆ ಹೋಗುವುದಿಲ್ಲ ಎಂದೂ ಬರೆದ. ಸಭೆ ಮೊದಲನೆಯದನ್ನು ಎತ್ತಿಕೊಂಡು ಎರಡನೆಯದನ್ನು ಮರೆಯಿತು. ಪ್ರವಾದಿಗಳು ತಮ್ಮವರಿಗೇ ಅತ್ತು ಹೇಳಿದ ಬೈಗುಳವನ್ನು ಹೊರಗಿನವರು ಯೆಹೂದ್ಯರ ಮೇಲೆ ಕಲ್ಲಿನಂತೆ ಎಸೆದರು. ಶತಮಾನಗಳ ಹಿಂಸೆಗೆ ಅದೂ ನೆಪವಾಯಿತು.

1965ರ ಅಕ್ಟೋಬರ್ 28ರಂದು ಕ್ಯಾಥೋಲಿಕ್ ಸಭೆಯ ಎರಡನೇ ವ್ಯಾಟಿಕನ್ ಮಹಾಸಭೆ ಒಂದು ಘೋಷಣೆ ಹೊರಡಿಸಿತು. ಯೆಹೂದ್ಯರನ್ನು ದೇವರು ತಿರಸ್ಕರಿಸಿದವರು, ಶಾಪಗ್ರಸ್ತರು ಎಂದು ತೋರಿಸಬಾರದು ಎಂದಿತು. ಅದಕ್ಕೆ ಆಧಾರವಾಗಿ ಹಿಡಿದದ್ದು ಪೌಲನ ಆ ಮರೆತ ಸಾಲನ್ನೇ.